ತಪ್ಪಾಯ್ತು ಎನ್ನುವ ಮಾತು

ಹೊತ್ತಾಯ್ತು ಅನ್ನುತ್ತೇವೆ. ಮೋಡ ಆಯ್ತು, ಊಟ ಆಯ್ತು.
ಹಾಗೆಯೇ ತಪ್ಪಾಯ್ತು ಅನ್ನುತ್ತೇವೆ,
ಯಾರೂ ಮಾಡದೆ, ತನ್ನಷ್ಟಕ್ಕೆ ತಾನೇ
ಮಂಗಲಪೇಟೆಯ ಮೇಲೆ ಸಂಜೆ ಇಳಿದ ಹಾಗೆ.

ಮೂವತ್ತೆಂಟು ವರ್ಷ ನಾನು ದೇವರಿಗೆ ಹೇಳಿದ್ದು ಇದನ್ನೇ.
ಮಂಡಿಯೂರಿ, ಸೆರಗು ತಲೆಯ ಮೇಲೆಳೆದು:
ತಂದೆಯೇ, ತಪ್ಪಾಯ್ತು.
ಅವನು ಕ್ಷಮಿಸಿರಬೇಕು. ಕ್ಷಮಿಸುವುದು ಅವನಿಗೆ ರೂಢಿ.
ಆದರೂ ಪ್ರತಿ ಸುಗ್ಗಿಯ ಆರಾಧನೆಗೆ
ಕಾಣಿಕೆ ಬಂದ ಹುಂಜ, ಕಾಲು ಕಟ್ಟಿಸಿಕೊಂಡು,
ಪೀಠದ ಕೆಳಗಿಂದ ಕೂಗಿತೆಂದರೆ
ನನ್ನ ಕಿವಿ ಬಿಸಿಯಾಗುತ್ತಿತ್ತು.

ಬೀದರದ ಮಿಷನ್ ಹಾಸ್ಟೆಲು. ನಾನು ಐದನೆಯ ಇಯತ್ತೆ.
ಕುಂಬಳಕಾಯಿ, ಎರಡು ಸೇರು ಜೋಳ, ಮೊಟ್ಟೆಯ ಬುಟ್ಟಿ,
ಚರ್ಚಿನಂಗಳದಲ್ಲಿ ಲಿಲಾವು ಆಗಿ ಬಂದ ರೊಕ್ಕ
ಡಾಲ್ಡಾ ಡಬ್ಬಿಯಲ್ಲಿ, ಮೇಟ್ರನ್ ಬಾಯಿಯ ಮೇಜಿನ ಮೇಲೆ.
ಅದರಿಂದ ಹನ್ನೊಂದು ರೂಪಾಯಿ.
ಚೌಬಾರಾದ ಹತ್ತಿರ ಅತ್ತರು ಮಾರುವ ಮುದುಕ
ಒಂದು ಶೀಷೆ ಕೊಟ್ಟ, ಕಿರುಬೆರಳಿನಷ್ಟು.
ಹಚ್ಚಿಕೊಂಡರೆ ವಾಸನೆಯೇ ಹೇಳಿಬಿಡುತ್ತದೆಂದು
ಒಮ್ಮೆಯೂ ಅದರ ಬಿರಡೆ ತೆಗೆಯಲಿಲ್ಲ.

ಅಡುಗೆಯ ಕರುಣಾಬಾಯಿಯ ಮಗಳು ತಬಿಥಾ, ಒಂಬತ್ತರ ಹುಡುಗಿ,
ಆ ಕೋಣೆಯ ಕಸ ಗುಡಿಸುತ್ತಿದ್ದಳು. ಅಷ್ಟೇ ಸಾಕಾಯಿತು.
ತಾಯಿ ಮಗಳು ಎರಡು ಗಂಟು ಹೊತ್ತು ಗೇಟು ದಾಟಿದಾಗ
ನಾನು ಕಿಟಕಿಯ ಹಿಂದೆ
ಏಳರ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ.

ಈಗ ಮಹಿಳಾ ಸಂಘದ ಕಾಣಿಕೆ ನನ್ನ ಕೈಯಲ್ಲಿ.
ಯೂನೀಕೆಬಾಯಿ ಎಣಿಸಿದ ಮೇಲೆ
ಮತ್ತೊಮ್ಮೆ ಎಣಿಸುವುದು ಬೇಡ ಅನ್ನುತ್ತಾರೆ ಜನ.
ಹೋದ ಐತವಾರವೂ ಅಂದರು.
ಆ ರಾತ್ರಿ ನಿದ್ದೆ ಬರಲಿಲ್ಲ.

ಹುಮನಾಬಾದಿನ ಬಸ್ಸಿನಲ್ಲಿ ಒಂದೇ ಶಬ್ದ ರೂಢಿ ಮಾಡಿಕೊಂಡೆ:
ಕದ್ದೆ.
ಎಷ್ಟು ಚಿಕ್ಕ ಮಾತು. ನಾನು ಅಂತ ಬೇರೆ ಹೇಳಬೇಕಿಲ್ಲ,
ಬಾಲದಲ್ಲೇ ನಾನಿದ್ದೇನೆ, ಓಡಿಹೋಗಲು ಸಂದಿಯಿಲ್ಲ.
ಪಕ್ಕದ ಹುಡುಗ ಫೋನಿನಿಂದ ತಲೆಯೆತ್ತಿ ನೋಡಿದ.

ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಕೆಳಗೆ,
ರೊಟ್ಟಿ ಬಡಿಯುತ್ತ ಕೂತಿದ್ದಳು.
ಹೇಳಿದೆ. ಹೆಸರು, ವರ್ಷ, ಡಬ್ಬಿ, ಶೀಷೆ.
ಸಣ್ಣವಳಿದ್ದೆ ಅನ್ನಲಿಲ್ಲ.
ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

ಕೈ ನಿಂತಿತು. ಹೆಂಚಿನ ಮೇಲಿನದು ಸೀಯಿತು.
‘ಅವ್ವ ಸವಟಿಲೇ ಹೊಡದಳು. ಹೊಡತ ನಿಲ್ಲಲಿ ಅಂತ
ನಾನೇ ತಗೊಂಡೀನಿ ಅಂದೆ. ಅಂದಂದು ಅಂದಂದು
ಖರೇನೇ ತಗೊಂಡೀನೇನೋ ಅನಸ್ತು.
ಪ್ರತಿ ಶುಭ ಶುಕ್ರವಾರ ಆ ಹನ್ನೊಂದು ರೂಪಾಯಿಗೆ
ಮಾಫಿ ಬೇಡೀನಿ ನಾನು.’

ಹಾಗಾದರೆ ಅವನು
ಒಂದೇ ಕಳವಿಗೆ ಇಬ್ಬರ ಪ್ರಾರ್ಥನೆ ಕೇಳುತ್ತಿದ್ದ,
ವರ್ಷ ವರ್ಷ, ಒಂದೇ ಮಧ್ಯಾಹ್ನ.
ನನ್ನ ಪಾಪ ಹೊತ್ತವನು ಒಬ್ಬನೇ ಎಂದು ಹಾಡುತ್ತಿದ್ದೆ.
ಇನ್ನೊಬ್ಬಳೂ ಹೊತ್ತಿದ್ದಳು, ಒಂಬತ್ತು ವರ್ಷದ ಹೆಗಲಿನಲ್ಲಿ.
ಅವನು ತಾನಾಗಿ ಒಪ್ಪಿ ಹೊತ್ತ.
ಇವಳನ್ನು ಯಾರೂ ಕೇಳಿರಲಿಲ್ಲ.

ಪರ್ಸಿನಿಂದ ಕವರು ತೆಗೆದೆ. ನಾಲ್ಕು ಪಟ್ಟು ಅಲ್ಲ,
ಎಷ್ಟೋ ಪಟ್ಟು ಇಟ್ಟಿದ್ದೆ. ಮುಟ್ಟಲಿಲ್ಲ.
‘ನನಗ ಹೇಳಿದಿ, ಛಲೋ ಆತು. ಅಲ್ಲಿ ಹೇಳು,
ಡಬ್ಬಿ ಇದ್ದಲ್ಲಿ, ಮಂದಿ ಇದ್ದಾಗ.
ಅವ್ವ ಹೋಗ್ಯಾಳ, ಖರೆ. ಅವ್ವನ ಹೆಸರು ಅಲ್ಲೇ ಅದ.’

ಆಗಲಿ ಅಂದೆ. ಅಂದು, ತಿದ್ದಿಕೊಂಡೆ:
ಹೇಳ್ತೀನಿ.

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ, ನಾನೂ ಕೇಳಲಿಲ್ಲ.
ಹೊಸ ಹಿಟ್ಟು ಕಲಸಿದಳು. ಬಸ್ಸಿಗೆ ಇನ್ನೂ ಹೊತ್ತಿತ್ತು.
ಹತ್ತು ರೊಟ್ಟಿ ಕಟ್ಟಿಸಿಕೊಂಡು ದುಡ್ಡು ಕೊಟ್ಟೆ.
ಹಿಟ್ಟಿನ ಬೆರಳು ಸೀರೆಗೆ ಒರೆಸಿ
ಎರಡು ಸಲ ಎಣಿಸಿದಳು.