ಮೊಳೆ ಸಾಲದ ರಾತ್ರಿ

ಲಂಡನ್, ಆಲ್ಡರ್ಸ್‌ಗೇಟಿನ ಹಿಂದಿನ ಓಣಿ, 1634ರ ಚಳಿಗಾಲ.
ಅಚ್ಚುಕೂಟದ ವಿಧವೆ ಥಾಮಸಿನ್ ಹೇಳಿದ್ದು.

ಎರಡು ಕಟ್ಟು ತಂದಿಟ್ಟಳು ಏವಿಸ್, ಪಾದ್ರಿಯ ಮಗಳು.
ಒಂದಕ್ಕೆ ಕಪ್ಪು ದಾರ. ಇನ್ನೊಂದಕ್ಕೆ ದಾರವೇ ಇಲ್ಲ,
ಹಳೆಯ ಮೇಜುಬಟ್ಟೆಯಲ್ಲಿ ಸುತ್ತಿದ್ದು.
"ಇದು ಅಪ್ಪನ ಉಪದೇಶ. ಇದು ಅಪ್ಪನ..." ಎಂದವಳು
ಮಾತು ಮುಗಿಸದೆ ಕೈಗವಸು ತೊಟ್ಟಳು.
ಸುಟ್ಟುಬಿಡು ಎಂದಿದ್ದರಂತೆ.
ಒಲೆಯ ತನಕ ಹೋಗಿ ಎರಡು ಸಲ ವಾಪಸು ಬಂದಳಂತೆ.

ಆ ಪಾದ್ರಿಯನ್ನು ಬಲ್ಲೆ. ಡಾಕ್ಟರ್ ಆಂಬ್ರೋಸ್ ಕೆಟರಿಂಗ್.
ಮರಳುಗಡಿಯಾರ ಬರಿದಾದರೆ ತಾವೇ ಮಗುಚಿಡುತ್ತಿದ್ದರು,
ಸಾವಿಗೆ ಇನ್ನೊಂದು ತಾಸು ಸಿಕ್ಕಿತೆಂಬಂತೆ.
ಹೆಂಗಸರು ಅಳುತ್ತಿದ್ದರು, ವಕೀಲರೂ.
ಪ್ಲೇಗಿನ ಬೇಸಿಗೆಯಲ್ಲಿ, ನನ್ನ ಬಾರ್ನಬಿಯ ಗುಂಡಿಯ ಬಳಿ ಮಾತ್ರ
ನಾಲ್ಕೇ ಮಾತು. ಹಿಂದೆ ಗಾಡಿ ಕಾದಿತ್ತು,
ಅದರಲ್ಲಿ ಇನ್ನೂ ಹನ್ನೊಂದು ಜನ.
ನಾಲ್ಕರಲ್ಲಿ ಒಂದನ್ನು ಕೆಮ್ಮು ನುಂಗಿತು.
ಉಳಿದ ಮೂರನ್ನು ನಾನು ಯಾರಿಗೂ ಹೇಳಿಲ್ಲ.

ಮೇಜುಬಟ್ಟೆಯದನ್ನೇ ಮೊದಲು ಜೋಡಿಸಿದೆ. ಯಾಕೆಂದು ಕೇಳಬೇಡಿ.
ಹುಡುಗ, ಇನ್ನೂ ಪಾದ್ರಿಯಾಗದವನು,
ಅವಳ ಉಗುರಿನ ಬುಡದಲ್ಲಿ ಬಿಳಿ ಅರ್ಧಚಂದ್ರ ಕಂಡು
ಕೋರ್ಟಿನಲ್ಲಿ ನಿಂತವನಂತೆ ವಾದ ಹೂಡುತ್ತಾನೆ:
ಹತ್ತು ಬೆರಳಿಗೆ ಹತ್ತು ಚಂದ್ರ, ಒಂದೂ ಮುಳುಗುವುದಿಲ್ಲ,
ಆದ್ದರಿಂದ ಈ ರಾತ್ರಿ ಮುಗಿಯಬೇಕೆಂದು
ಯಾವ ಕಾಯಿದೆಯೂ ಇಲ್ಲ, ಮಲಗು.
ನಗು ಬಂತು. ನನ್ನ ಉಗುರು ನೋಡಿಕೊಂಡೆ.
ಹತ್ತೂ ಅಮಾವಾಸ್ಯೆ.

ಚೌಕಟ್ಟು ಬಿಗಿದು ಪಕ್ಕಕ್ಕಿಟ್ಟು ಕಪ್ಪು ದಾರ ಬಿಚ್ಚಿದೆ.
ಅದೇ ಕೈಬರಹ, ಮೂವತ್ತು ವರ್ಷದ ಭಾರಕ್ಕೆ ಬಾಗಿದ್ದು.
ನಾನು ಹುಳ. ನಾನು ಬೂದಿ.
ನಾನು ಬಾಗಿಲಾಚೆ ನಿಂತ ಸಾಲಗಾರ. ನಾನು, ನಾನು.
ನಮ್ಮ ಮಾತಿನಲ್ಲಿ 'ನಾನು' ಅಂದರೆ ಒಂದೇ ಅಕ್ಷರ,
ನೆಟ್ಟಗೆ ನಿಂತ ಗೂಟ.
ಮೂರನೆಯ ಪುಟಕ್ಕೇ ಪೆಟ್ಟಿಗೆಯ ಆ ಗೂಡು ಬರಿದು.
ಇಷ್ಟು ವಿನಯಕ್ಕೆ ಇಷ್ಟೊಂದು ನಾನು ಬೇಕಾದೀತೆಂದು
ಯಾವ ಎರಕದವನು ಎಣಿಸಿದ್ದಾನು?

"ಆ ಪದ್ಯದಲ್ಲಿವೆಯಲ್ಲ ಅಮ್ಮಾ, ಬೇಕಾದಷ್ಟು,"
ಎಂದ ಕೆಲಸದ ಹುಡುಗ ವಿಲ್ಕಿನ್, ಶಾಯಿಚೆಂಡಿನ ತೊಗಲು
ಉಚ್ಚೆಯ ಬೋಗುಣಿಯಲ್ಲಿ ಅದ್ದುತ್ತ.

ದಬ್ಬಣದ ತುದಿಯಿಂದ ಒಂದೊಂದಾಗಿ ಎಬ್ಬಿಸಿದೆ.
ಹಾಸಿಗೆಯಿಂದ ಎದ್ದವರ ಹಾಗೆ ಬಂದವು, ಮನಸ್ಸಿಲ್ಲದೆ.
ಉಪದೇಶದ ಸಾಲಿನಲ್ಲಿ ಮಂಡಿಯೂರಿಸಲು ನೋಡಿದೆ;
ಮೊಳೆಗೆಲ್ಲಿಯ ಮಂಡಿ, ನಿಂತೇ ಇದ್ದವು.
(ಆ ಮರಕ್ಕೆ ಬಡಿದವೂ ಮೊಳೆಗಳೇ. ಅಲ್ಲಿ ಮೂರು ಸಾಕಾದವು.
ನನಗೆ ಒಂದು ಹಾಳೆಗೆ ಎರಡು ಸಾವಿರ.)
ತೆರವಾದ ಜಾಗಕ್ಕೆ ಸಿಕ್ಕ ಮೊಳೆಗಳನ್ನು
ಬುಡ ಮೇಲಾಗಿ ಚುಚ್ಚಿದೆ. ಕಸುಬಿನ ರೂಢಿ.
ಇಲ್ಲಿಗೆ ಯಾರೋ ಬರಬೇಕಿದೆ ಎಂಬ ಗುರುತು.

ಕರಡು ತೆಗೆದೆ.
ಪದ್ಯದಲ್ಲಿ ನಾನು ಇದ್ದಲ್ಲೆಲ್ಲ ಕಪ್ಪು ಕಲೆ.
ಉಳಿದದ್ದು ಬರೀ ನೀನು, ನಿನ್ನ, ನಿನ್ನಿಂದ.
ಮೇಣದಬತ್ತಿ ಹತ್ತಿರ ತಂದು ಮತ್ತೊಮ್ಮೆ ಓದಿದೆ.
ಪ್ರಾರ್ಥನೆ ಅಂದರೆ ಪ್ರಾರ್ಥನೆ.
ಇತ್ತ ಹುಳುಬೂದಿಯ ನಡುವೆ
ಉಗುರಿನ ಬೆಳದಿಂಗಳಲ್ಲಿ ಮಲಗೆದ್ದ ನಾನುಗಳು
ಕೊಂಚ ವಾಲಿ, ಯಾರನ್ನೋ ಹುಡುಕುವಂತೆ.

ಬೆಳಗ್ಗೆ ಏವಿಸ್ ಬಂದಳು. ಥೇಮ್ಸಿನ ದಡದಲ್ಲಿ ಹಿಮ.
ಎರಡನ್ನೂ ಕಿಟಕಿಗೆ ಹಿಡಿದು
ಕಲೆಯ ಮೇಲೆ ಬೆರಳಿಟ್ಟಳು: "ಇದೇನು?"
"ನಿಮ್ಮ ತಂದೆ," ಎಂದೆ. "ಕೆಲಸದ ಮೇಲೆ ಹೋಗಿದ್ದಾರೆ.
ಉಪದೇಶ ಮುಗಿದ ಮೇಲೆ ವಾಪಸು ಬರುತ್ತಾರೆ."
ಅವಳು ನಗಲಿಲ್ಲ.
ಮೇಜುಬಟ್ಟೆ ಮಾತ್ರ ಮಡಿಸಿ ಎದೆಗೊತ್ತಿಕೊಂಡಳು.
ಅಂಚಿನಲ್ಲಿ ಯಾರದೋ ಕಸೂತಿ, ದಾರ ಬಿಟ್ಟಿತ್ತು.

ಅವಳು ಹೋದ ಮೇಲೆ
ಗೂಡಿನ ತಳದ ಚೂರುಪಾರು ಮೊಳೆ ಕೂಡಿಸಿ
ಗುಂಡಿಯ ಬಳಿಯ ಆ ಮೂರು ಮಾತು ಜೋಡಿಸಿ ನೋಡಿದೆ.
ಒಂದೇ ಒಂದು ನಾನು ಬೇಕಾಗಲಿಲ್ಲ.
ಬೆರಳಿಂದ ಒಮ್ಮೆ ಸವರಿ
ಬಿಚ್ಚಿ, ಆಯಾ ಗೂಡಿಗೆ ಹಾಕಿದೆ.