ಎಂಟನೇ ಫಾರಂ

ರಿಪ್ಪನ್‌ಪೇಟೆ ಕಡೆಯ ಶಾಲೆಯೊಂದರಿಂದ
ಗೋಣಿಚೀಲದಲ್ಲಿ ಬಂದವು ನಲವತ್ತು ಪುಸ್ತಕ,
ಬೆನ್ನು ಮುರಿದವು, ಕಿವಿ ಮಡಚಿದವು,
ಒಂದರೊಳಗೆ ಒಣಗಿದ ಜಿಗಣೆ, ಗುರುತಿಗೆ ಇಟ್ಟ ಹಾಗೆ.

ಶಿವಮೊಗ್ಗದ ಈ ಓಣಿಯಲ್ಲಿ ಮೂವತ್ತೊಂದು ವರ್ಷದಿಂದ
ನಾನು ಪುಸ್ತಕ ಹೊಲಿಯುತ್ತೇನೆ, ಓದುವುದಿಲ್ಲ.
ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ,
ದಾರಕ್ಕೆ ಮೇಣ, ರಟ್ಟಿಗೆ ರೆಕ್ಸಿನ್ನು.
ಓದಲು ಕೂತರೆ ಅಂಟು ಒಣಗುತ್ತದೆ.

ಅದೊಂದು ಮಾತ್ರ, ಹೊದಿಕೆಯಿಲ್ಲದ್ದು, ಹೆಸರೂ ಹರಿದದ್ದು,
ಬಿಡಿಸಿ ಹಾಕುವಾಗ
ಸೂಜಿ ಎಂಬ ಪದ ಕಣ್ಣಿಗೆ ಬಿತ್ತು. ನಿಂತೆ.

ಕಡಲ ದಂಡೆಯ ಒಂದು ಊರು. ಅಲ್ಲೊಬ್ಬಳು ಮುದುಕಿ
ಸಮುದ್ರದ ಅಂಚನ್ನು ಮರಳಿಗೆ ಹೊಲಿದುಬಿಟ್ಟಿದ್ದಾಳೆ.
ಅಲೆ ಏಳದು, ಉಬ್ಬರ ಬಾರದು,
ದೋಣಿಗಳು ಕೆಸರಲ್ಲಿ ಎಮ್ಮೆಗಳಂತೆ ಮಲಗಿವೆ.
ಮೀನುಗಾರರ ಹುಡುಗಿ ದುರ್ಗಿ, ಒಂದು ಕುಂಟು ಆಮೆಯ ಜೊತೆ
ರಾತ್ರಿ ಹೊರಡುತ್ತಾಳೆ, ಹೊಲಿಗೆ ಬಿಚ್ಚಲಿಕ್ಕೆ.
ಮೊದಲು ನಗು ಬಂತು. ಆಮೇಲೆ ಬರಲಿಲ್ಲ.
ಬೇರೆಯವರ ಹೊಲಿಗೆ ಬಿಚ್ಚುವುದು ಎಷ್ಟು ಕಷ್ಟ,
ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಮುದುಕಿಯ ನೆರಳು ಬಂದು ಬೆನ್ನಿಗೆ ನಿಂತಾಗ,
ಕೊನೆಯ ಗಂಟಿಗೆ ದುರ್ಗಿ ಹಲ್ಲು ಹಚ್ಚಿದಾಗ,
ಪುಟ ನೂರಾ ಹನ್ನೆರಡು.
ಮುಂದೆ ಇಲ್ಲ.
ಹದಿನಾರು ಪುಟಕ್ಕೊಂದು ಫಾರಂ; ಏಳು ಇವೆ,
ಎಂಟನೆಯದು ಎಲ್ಲೋ ಕಡಲೆಕಾಯಿ ಪೊಟ್ಟಣವಾಗಿದೆ.

ಮೇಷ್ಟ್ರಿಗೆ ಫೋನು ಮಾಡಿದೆ. "ಹೋಗ್ಲಿ ಬಿಡಿ ಬುಡನ್ ಸಾಬ್ರೇ,
ಇದ್ದಷ್ಟು ಹೊಲೀರಿ" ಅಂದರು.
ಹೊಲಿದೆ. ಮನಸ್ಸು ಕೇಳಲಿಲ್ಲ,
ಹದಿನಾರು ಬಿಳಿ ಪುಟ ಸೇರಿಸಿದೆ, ಲೆಕ್ಕಕ್ಕೆ ಹಿಡಿಯದೆ.

ಎರಡು ಮಳೆಗಾಲ ದಾಟಿ ಅದು ವಾಪಸು ಬಂತು,
ಬೆನ್ನು ಮತ್ತೆ ಮುರಿದು.
ಬಿಳಿ ಪುಟ ಒಂದೂ ಬಿಳಿ ಉಳಿದಿರಲಿಲ್ಲ.

ಐದನೇ ಕ್ಲಾಸಿನ ಪೂರ್ಣೇಶ ಬರೆದಿದ್ದ:
ಗಂಟು ಬಿಚ್ಚಿತು, ಸಮುದ್ರ ಓಡಿ ಬಂತು, ಘಾಟಿ ಹತ್ತಿತು,
ಹುಲಿಕಲ್ಲಿನ ತಿರುವಿನಲ್ಲಿ ಲಾರಿಗೆ ದಾರಿ ಬಿಟ್ಟು ನಿಂತಿತು.
ಕೆಳಗೆ ಬೇರೆ ಅಕ್ಷರ: ಸುಳ್ಳು. ನೀರು ಮೇಲಕ್ಕೆ ಹತ್ತಲ್ಲ.
ಅದರ ಕೆಳಗೆ ಮತ್ತೆ ಪೂರ್ಣೇಶ: ಇದು ಹತ್ತುತ್ತೆ.

ಇನ್ನೊಬ್ಬಳ ಕಡಲಿಗೆ ಹಲಸಿನ ತೊಳೆಯ ಬಣ್ಣ.
ಇನ್ನೊಬ್ಬನ ಮುದುಕಿ, ಕಾಲ್ಬೆರಳ ಸಂದಿಗೆ ಜಿಗಣೆ ಕಚ್ಚಿ,
ಸೂಜಿ ಬಿಸಾಕಿ ಓಡಿದಳಂತೆ ಸುಣ್ಣ ಹುಡುಕಿಕೊಂಡು.
ಶರಧಿ ಎಂಬ ಹೆಸರಿನವಳು ಮಾತ್ರ
ಮುದುಕಿಯನ್ನು ಕೂರಿಸಿ ಕೇಳಿದ್ದಳು, ಯಾಕಜ್ಜಿ ಹೊಲಿದೆ?
ಅಜ್ಜಿ ಅಂದಳು, ನನ್ನ ಮಗನ ದೋಣಿ ಹೋದ ದಿನದ ನೀರು ಇದು,
ಬಿಟ್ಟರೆ ಹೊರಟುಹೋಗುತ್ತೆ.
ಅಷ್ಟೇ. ಕೆಳಗೊಂದು ಆಮೆಯ ಚಿತ್ರ,
ಕುಂಟಿಗೆ ಸಹಾಯವಾಗಲೆಂದು ಐದನೇ ಕಾಲು.

ಅಂಚು ಕತ್ತರಿಸುವ ಯಂತ್ರಕ್ಕೆ ಅದನ್ನು ಕೊಡಲಿಲ್ಲ,
ಪೆನ್ಸಿಲ್ ಗೆರೆ ಅಂಚಿನವರೆಗೂ ಹೋಗಿತ್ತು.
ಒಂಬತ್ತನೇ ಫಾರಂ ಮಡಚಿ ಇಟ್ಟುಕೊಂಡೆ.

ಆಗ ಕಂಡಿತು, ಕೊನೆಯ ಮೂಲೆಯಲ್ಲಿ, ಹೆಸರಿಲ್ಲದೆ:
ಬೈಂಡರ್ ತಾತ, ನೀವು ಸಮುದ್ರ ನೋಡಿದೀರಾ?

ಭಟ್ಕಳಕ್ಕೆ ಒಮ್ಮೆ ಹೋಗಿದ್ದೆ, ಚಿಕ್ಕಪ್ಪನ ಮಗಳ ನಿಕಾಹ್‌ಗೆ.
ತಲುಪಿದ್ದು ರಾತ್ರಿ, ಹೊರಟದ್ದು ನಸುಕಿನ ಬಸ್ಸಿಗೆ;
ಕಾಲೇಜಿನ ರಿಜಿಸ್ಟರುಗಳು ಅಂಗಡಿಯಲ್ಲಿ ಕಾದಿದ್ದವು.
ನಡುವೆ ಮಹಡಿಯ ಮೇಲೆ ಚಾಪೆ ಹಾಸಿ ಮಲಗಿದ್ದೆ.

ರಟ್ಟು ಕೊಯ್ಯುವ ಚಾಕುವಿನಲ್ಲಿ ಪೆನ್ಸಿಲ್ ಚೂಪು ಮಾಡಿ
ಬರೆದೆ:
ನೋಡಿಲ್ಲ ಮಗು. ಕತ್ತಲಲ್ಲಿ ಕೇಳಿದ್ದೇನೆ.
ಒಂದು ಶಾಲೆಯ ಮಕ್ಕಳೆಲ್ಲ
ಒಟ್ಟಿಗೆ ಪುಟ ತಿರುಗಿಸಿದ ಹಾಗಿತ್ತು.