ಸುಂಕದವನ ಮಗಳು

ಹಂಬರ್ ಸೇತುವೆಯ ಹೆಸ್ಲ್ ತುದಿಯಲ್ಲಿ
ಮೂರನೇ ಗೂಡು ನನ್ನದು.
ಕಾರಿಗೆ ಒಂದೂವರೆ ಪೌಂಡ್. ಬೈಕಿಗೆ ಏನಿಲ್ಲ.
ನಡೆದು ದಾಟುವವನನ್ನು ತಡೆದು ಕೇಳುವುದು
ಗಾಳಿಯೊಂದೇ.

ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅಂತಾರಲ್ಲ,
ಇಲ್ಲಿ ಎಲ್ಲರೂ ಹೇಳುತ್ತಾರೆ.
ಚಿಲ್ಲರೆ ಹುಡುಕುವ ಅರೆನಿಮಿಷದೊಳಗೆ
ಮಂಡಿಯ ಆಪರೇಷನ್, ಜ್ವರ ಬಂದ ನಾಯಿ,
ಲಿಂಕನ್ ಆಸ್ಪತ್ರೆಯಲ್ಲಿ ದಿನ ತುಂಬಿದ ತಂಗಿ.
ಹೂಂ ಅನ್ನುತ್ತೇನೆ. ಕೈ ಚಾಚಿಯೇ ಇರುತ್ತದೆ.

ಮೊನ್ನೆ ಊಟಕ್ಕೆ ಕೂತಾಗ ಸುರಭಿ ಶುರು ಮಾಡಿದಳು:
"ಅಪ್ಪಾ, ಆಟದ ಡಬ್ಬಿ ಕೊಂಡಿದ್ದು ನಾವೇ ತಾನೆ?"
ನಾವೇ.
"ಆಟ?"
ಬಿಲ್ಲು ಇನ್ನೂ ಡ್ರಾಯರಿನಲ್ಲಿದೆ.
"ತಿಂಗಳು ತಿಂಗಳು ಇಂಟರ್ನೆಟ್ಟಿಗೆ ಕಟ್ಟೋದು?"
ನಾನೇ, ಬೈದುಕೊಂಡು.
"ಮತ್ತೆ ನಾನೂ ಮೆರಿಯೆಲ್ಲೂ ಜೊತೆಗೆ ಆಡೋದಕ್ಕೆ
ಇನ್ನೊಂದು ದುಡ್ಡು ಯಾಕೆ?
ಗಾಡಿ ನಮ್ಮದು, ಪೆಟ್ರೋಲ್ ನಮ್ಮದು,
ಪಕ್ಕದ ಸೀಟಲ್ಲಿ ಗೆಳತಿ ಕೂತರೆ ಅದಕ್ಕೂ ಸುಂಕವಾ?"

ಹದಿಮೂರು ವರ್ಷ. ಬೆರಳು ನೆಕ್ಕುತ್ತಾ ಕೇಳುತ್ತಾಳೆ.

ನಾನು ಗೂಡಿನವನ ಹಾಗೇ ಮಾತಾಡಿದೆ.
ಸೇತುವೆ ಸುಮ್ಮನೆ ನಿಲ್ಲುವುದಿಲ್ಲ ಮಗಳೇ,
ತುಕ್ಕು ಹಿಡಿಯದಂತೆ ತಂತಿಯ ಹೊಟ್ಟೆಗೆ ಒಣಗಾಳಿ ಊದಬೇಕು,
ರಾತ್ರಿಯಿಡೀ ಯಾರೋ ಒಬ್ಬ ಗಾಳಿಯ ಮುಳ್ಳು ನೋಡುತ್ತಾ ಕೂರಬೇಕು.
ನಿಮ್ಮ ಆಟಕ್ಕೂ ಎಲ್ಲೋ ಒಂದು ತಣ್ಣನೆಯ ಕೋಣೆ, ಬಿಸಿ ಯಂತ್ರ,
ಮೋಸ ಹಿಡಿಯುವವರು, ಬೈಗುಳ ಒರೆಸುವವರು.
ಅವರ ಮನೆಯಲ್ಲೂ ಒಲೆ ಉರಿಯಬೇಡವೇ?

"ನಮ್ಮಿಬ್ಬರ ಆಟ ಓಡೋದು ಇದೇ ಡಬ್ಬಿ ಮೇಲೆ ಅಪ್ಪಾ.
ಕರೆಂಟೂ ನಿಂದೇ."

ಸಾರು ತಣ್ಣಗಾಯಿತು.

ಮೆರಿಯೆಲ್ ಹೋದ ಸೆಪ್ಟೆಂಬರಿನ ತನಕ ಎರಡು ಬೀದಿ ಆಚೆ ಇದ್ದವಳು.
ಈಗ ಆಬರ್ಡೀನ್, ಅಮ್ಮನ ಹೊಸ ಗಂಡನ ಮನೆ.
ಇಬ್ಬರೂ ಸೇರಿ ಆಟದೊಳಗೊಂದು ಊರು ಕಟ್ಟಿದ್ದರು:
ಹದಿನೇಳು ಮನೆ, ವಾಲಿದ ದೀಪಸ್ತಂಭ,
ಒಂದೊಂದು ಕುರಿಗೂ ಒಂದೊಂದು ಹೆಸರು.
ಬರುಬರುತ್ತಾ ಆಡುವುದನ್ನೇ ಬಿಟ್ಟರು.
ಸೂರಿನಂಚಿಗೆ ಕಾಲು ಇಳಿಬಿಟ್ಟು ಕೂತು
ಬರೀ ಮಾತು. ಬಾಗಿಲ ಸಂದಿಯಿಂದ ನನಗೂ ಕೇಳುತ್ತಿತ್ತು,
ಕೇಳದವನಂತೆ ಬಟ್ಟೆ ಮಡಿಸುತ್ತಿದ್ದೆ.

ಚಂದಾ ಮುಗಿದ ದಿನ ಪರದೆ ಕಪ್ಪಾಗಲಿಲ್ಲ.
ಊರು ಹಾಗೇ ಇತ್ತು. ಕುರಿ ಮೇಯುತ್ತಿದ್ದವು.
ಸೂರಿನ ಮೇಲೆ ಇವಳೊಬ್ಬಳೇ.

ವರ್ಷಕ್ಕೆ ಅರವತ್ತು ಪೌಂಡ್.
ನನ್ನ ಲೆಕ್ಕದಲ್ಲಿ ನಲವತ್ತು ಕಾರು,
ಬೆಳಗಿನ ಹೊತ್ತಾದರೆ ಕಾಲು ಗಂಟೆಯೂ ಬೇಡ.
ಆದರೆ ಆ ನಲವತ್ತು ನನ್ನದಲ್ಲ. ಬಾಯ್ಲರ್ ಬೇರೆ ಕೆಟ್ಟಿದೆ.
ನಾನು ಹೇಗೋ ಕಟ್ಟಿದರೂ ಆ ತುದಿಯಲ್ಲಿ ಅವಳೂ ಕಟ್ಟಬೇಕು.
ನಮ್ಮ ಸೇತುವೆಯೇ ವಾಸಿ, ಒಂದೇ ದಡದಲ್ಲಿ ಗೂಡು.

ವಾರ ಕಳೆದು, ರಾತ್ರಿಪಾಳಿ ಮುಗಿಸಿ ಬಂದರೆ
ಅವಳ ಕೋಣೆಯಲ್ಲಿ ಗುಂಡಿನ ಸದ್ದು.
ಚಂದಾ ಬೇಡದ ಆಟವಂತೆ. ಒಳಗೆ ಬರುವುದು ಪುಕ್ಕಟೆ,
ಟೋಪಿಗೆ ಮಾತ್ರ ಕಾಸು.
ಯಾರು ಯಾರಿಗೆ ಹಾಕುವ ಟೋಪಿ ಅಂತ ಕೇಳಲಿಲ್ಲ.

ನೂರು ಜನ ನೂರು ಜನರನ್ನು ಹುಡುಕಿ ಹೊಡೆಯುವ ಬಯಲು.
ಅದರ ಮೂಲೆಯಲ್ಲಿ, ತಗಡಿನ ಶೆಡ್ಡಿನ ಹಿಂದೆ,
ಬಂದೂಕು ಕೆಳಗಿಟ್ಟು ನಿಂತಿವೆ ಎರಡು ಗೊಂಬೆ.
ಇವಳಿಗೆ ಟೋಪಿಯಿಲ್ಲ. ಅವಳಿಗೂ ಇಲ್ಲ.

"ಆಮೇಲೆ ನಿಮ್ಮಮ್ಮ ಏನಂದಳು?"
"ಏನೂ ಅನ್ನಲಿಲ್ಲ. ಬಾಗಿಲು ಹಾಕ್ಕೊಂಡು..."

ಎಲ್ಲಿಂದಲೋ ಒಂದು ಗುಂಡು.
ಇಬ್ಬರೂ ಸತ್ತರು.

ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತಿದ್ದೇನೆ.
ಪರದೆಯ ಮೇಲೆ ಅಂಕಿಗಳು ಇಳಿಯುತ್ತಿವೆ: ಒಂಬತ್ತು, ಎಂಟು...
ಮತ್ತೆ ಆಕಾಶದಿಂದ ಉದುರುತ್ತಾರೆ, ಮತ್ತೆ ಓಡುತ್ತಾರೆ,
ಅದೇ ಶೆಡ್ಡು ಹುಡುಕಿಕೊಂಡು.

"ಹೂಂ, ಬಾಗಿಲು ಹಾಕ್ಕೊಂಡು?"